ಮಳೆಗಾಲಕ್ಕೊಂದು ಹಳೆಯ ಫೋರ್ ವೀಲ್ ಗಾಡಿ: ಕೊಳ್ಳುವ ಮುನ್ನ ಎಲ್ಲಿ ಬಗ್ಗಿ ನೋಡಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಒಳಹಳ್ಳಿಗಳಲ್ಲಿ ಡಾಂಬರು ಮುಗಿದ ಮೇಲೆ ಮನೆಯಂಗಳದವರೆಗೆ ಉಳಿಯುವ ಒಂದೆರಡು ಕಿಲೋಮೀಟರ್ ದಾರಿಯೇ ಇಡೀ ಪ್ರಯಾಣದ ಕಷ್ಟವನ್ನು ನಿರ್ಧರಿಸುತ್ತದೆ. ಆ ದಾರಿಗಾಗಿ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಕೊಳ್ಳಬೇಕೆಂದು ಹೊರಟವರಿಗೆ ‘ಫುಲ್ ಲೋಡೆಡ್’ ಎಂಬ ಮಾತು ಮೊದಲು ಕಿವಿಗೆ ಬೀಳುತ್ತದೆ. ಮುಂದೆ ಹುಗಿದ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚು, ಮೇಲೆ ದೀಪದ ಸಾಲು, ಬದಿಗೆ ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಸ್ನಾರ್ಕೆಲ್ ಕೊಳವೆ, ಹಿಂದೆ ಡೀಸೆಲ್ ಕ್ಯಾನು. ಆದರೆ ಮಳೆಗಾಲಕ್ಕೆ ಬೇಕಾದ ಸಜ್ಜಿನ ಬಹುಪಾಲು ಕಾರ್ಖಾನೆಯಿಂದಲೇ ಗಾಡಿಯ ಹೊಟ್ಟೆಯಡಿ ಬಂದಿರುತ್ತದೆ ಮತ್ತು ಹಳೆಯ ಗಾಡಿಯಲ್ಲಿ ಕೆಟ್ಟಿರುವ ಸಾಧ್ಯತೆ ಹೆಚ್ಚಿರುವುದೂ ಅದೇ. ಈ ಲೇಖನ ಅದನ್ನು ಪರೀಕ್ಷಿಸುವ ಕ್ರಮವನ್ನು ಹೇಳುತ್ತದೆ.

ಹಂತ 1: ಗಾಡಿಗಿಂತ ಮೊದಲು ನಿಮ್ಮ ದಾರಿಯನ್ನು ನೋಡಿ

ಮಳೆಗಾಲದಲ್ಲಿ ನೀವು ನಿತ್ಯ ಓಡಾಡುವ ದಾರಿ ಯಾವುದು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ದೇವಿಮನೆ ಘಟ್ಟ ಅಥವಾ ಅರಬೈಲ್ ಘಟ್ಟದ ಡಾಂಬರು ರಸ್ತೆಯಲ್ಲಿ ಕಾರವಾರಕ್ಕೋ ಕುಮಟಾಕ್ಕೋ ಹೋಗಿಬರುವುದಷ್ಟೇ ನಿಮ್ಮ ಕೆಲಸವಾದರೆ ಫೋರ್ ವೀಲ್ ಡ್ರೈವ್‌ನ ಅಗತ್ಯವೇ ಇಲ್ಲ. ಒಳ್ಳೆಯ ಟೈರು, ಒಳ್ಳೆಯ ಬ್ರೇಕು, ಮಂಜಿನಲ್ಲಿ ಕಾಣುವ ದೀಪ ಸಾಕು. ಹಳೆಯ ಜೀಪು, ಜಿಪ್ಸಿಗಳಲ್ಲಿ ಇರುವುದು ಬೇಕೆಂದಾಗ ಮಾತ್ರ ಹಾಕುವ ಫೋರ್ ವೀಲ್. ಅದನ್ನು ಹಾಕಿದಾಗ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು (ಆಕ್ಸಲ್ಲಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡಗಳು) ಒಂದೇ ವೇಗದಲ್ಲಿ ತಿರುಗುವಂತೆ ಬಂಧಿಸಲ್ಪಡುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾಗುವುದರಿಂದ ಚಕ್ರಗಳಿಗೆ ಜಾರಲು ಆಸ್ಪದವಿರುವ ಮಣ್ಣಿನಲ್ಲಿ ಮಾತ್ರ ಈ ವ್ಯವಸ್ಥೆ ಸುಸೂತ್ರವಾಗಿ ನಡೆಯುತ್ತದೆ. ಡಾಂಬರಿನ ಹೇರ್‌ಪಿನ್ ತಿರುವಿನಲ್ಲಿ ಅದೇ ಬಿಗಿತ ಗೇರುಗಳನ್ನೂ ಶಾಫ್ಟಿನ ಕೀಲುಗಳಾದ ಕ್ರಾಸುಗಳನ್ನೂ ತಿನ್ನುತ್ತದೆ.

ಮನೆಯ ದಾರಿ ಕೆಂಪು ಜೇಡಿಯ ಏರು, ಹಾವಸೆ ಹಿಡಿದ ಚಿರೆಕಲ್ಲು, ತೋಟದಂಚಿನ ಹಳ್ಳ ಇವುಗಳಿಂದ ಕೂಡಿದ್ದರೆ ವೇಗ ಇಳಿಸಿ ಎಳೆತ ಹೆಚ್ಚಿಸುವ ಲೋ ಗೇರ್ ಇರುವ ಗಾಡಿಯೇ ಬೇಕು. ಏರಿನಲ್ಲಿ ನಿಧಾನವಾಗಿ ಎಳೆಯುವುದಕ್ಕೆ ಅದೆಷ್ಟು ಉಪಯುಕ್ತವೋ, ರಾಡಿಯ ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಎಂಜಿನ್ನಿನ ತಡೆಯಲ್ಲೇ ಇಳಿಯುವುದಕ್ಕೆ ಅದಕ್ಕಿಂತ ಹೆಚ್ಚು ಉಪಯುಕ್ತ. ಯಾವ ಗಾಡಿಯೂ ಮಾಡಲಾರದ ಕೆಲಸಗಳೂ ಇವೆ. ಹರಿಯುವ ನೀರು 60 ಸೆಂಟಿಮೀಟರ್ ಆಳವಿದ್ದರೆ ದೊಡ್ಡ ಗಾಡಿಯನ್ನೂ ಎತ್ತಿ ಒಯ್ಯಬಲ್ಲದು. ಗುಡ್ಡ ಕುಸಿಯುವ ಜಾಗದಲ್ಲಿ ನಾಲ್ಕು ಚಕ್ರವೂ ಒಂದೇ, ಎರಡು ಚಕ್ರವೂ ಒಂದೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಭಾರದ ಲಾರಿಯೇ ಗಂಗಾವಳಿಯ ಪಾಲಾಯಿತು.

ಹಂತ 2: ಯಾವ ಗಾಡಿ ಎಂದು ತೀರ್ಮಾನಿಸಿ

ಮಾರುತಿ ಜಿಪ್ಸಿ 1985ರ ಡಿಸೆಂಬರಿನಲ್ಲಿ 970 ಸಿಸಿ ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂತು, 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್, 2000ದಲ್ಲಿ ಅದಕ್ಕೆ ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಇಂಧನ ವ್ಯವಸ್ಥೆ ಬಂದವು. ಗಾಡಿ ಹಗುರವಾದ್ದರಿಂದ ರಾಡಿಯಲ್ಲಿ ಹುಗಿಯುವುದು ಕಡಿಮೆ, ಹುಗಿದರೂ ನಾಲ್ಕು ಜನ ಸೇರಿ ದೂಡಬಹುದು. ಕಾರ್ಬ್ಯುರೇಟರ್ ಜಿಪ್ಸಿಗಿಂತ ಎಂಪಿಎಫ್‌ಐ ಜಿಪ್ಸಿ ಮಳೆಗಾಲದ ಬೆಳಗಿನಲ್ಲಿ ತಕರಾರಿಲ್ಲದೆ ಚಾಲೂ ಆಗುತ್ತದೆ. ಪೆಟ್ರೋಲಿನ ಖರ್ಚು, ಹಿಂದಿನ ಸೀಟಿನ ಕುಲುಕಾಟ ಇವೆರಡನ್ನೂ ಒಪ್ಪಿಕೊಂಡೇ ಕೊಳ್ಳಬೇಕು.

ಮಹೀಂದ್ರ ಎಂಎಂ 540 ಮತ್ತು ಅದರ ದಾಯಾದಿಗಳು ತೋಟದ ಕೆಲಸಕ್ಕೆ ಇಂದಿಗೂ ಸೈ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಇಲೆಕ್ಟ್ರಾನಿಕ್ಸ್ ಎಂಬುದೇ ಇಲ್ಲದ ಕಾರಣ ಶಿರಸಿಯ ಯಾವ ಗ್ಯಾರೇಜಿನಲ್ಲಿಯೂ ಬಿಚ್ಚಿ ಜೋಡಿಸಬಹುದು. 2010ರಲ್ಲಿ ಬಂದ ಮೊದಲ ತಲೆಮಾರಿನ ಥಾರ್ ಸಿಆರ್‌ಡಿಇ ಇವೆಲ್ಲಕ್ಕಿಂತ ಬಲಶಾಲಿ. 2015ರ ಪರಿಷ್ಕರಣೆಯ ನಂತರದ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗಿ ಬಂಧಿಸಿಕೊಳ್ಳುವ ಡಿಫರೆನ್ಷಿಯಲ್ (ಎರಡು ಬದಿಯ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ) ಇರುವುದು ನಿಜವಾದ ಲಾಭ. ಆದರೆ ಅದೇ ಕಾಲದ ಥಾರ್ ಡಿಐ ಟೂ ವೀಲ್ ಡ್ರೈವ್‌ನಲ್ಲಿಯೂ ಬಂದಿದ್ದು, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಮುಂದಿನ ಆಕ್ಸಲ್‌ನ ನಡುವೆ ಡಿಫರೆನ್ಷಿಯಲ್ಲಿನ ಉಬ್ಬು ಇದೆಯೇ ಎಂದು ಬಗ್ಗಿ ನೋಡಬೇಕು. ಸ್ಕಾರ್ಪಿಯೊ, ಸಫಾರಿಗಳ ಫೋರ್ ವೀಲ್ ಮಾದರಿಗಳಲ್ಲಿ ಸನ್ನೆಯ ಬದಲು ಗುಂಡಿ ತಿರುಗಿಸಿ ಫೋರ್ ವೀಲ್ ಹಾಕುವ ವ್ಯವಸ್ಥೆ ಇರುತ್ತದೆ. ಅದರ ಮೋಟರು ಬಹುಕಾಲ ಬಳಸದಿದ್ದರೆ ಥಂಡಿ ಹಿಡಿದು ಜಾಮ್ ಆಗುವ ಸ್ವಭಾವದ್ದು. ಡಸ್ಟರ್‌ನ ನಾಲ್ಕು ಚಕ್ರದ ಮಾದರಿ ಘಟ್ಟದ ರಸ್ತೆಗೂ ಸಾಧಾರಣ ಮಣ್ಣುದಾರಿಗೂ ಸುಖದ ಗಾಡಿಯಾದರೂ ಅದಕ್ಕೆ ಲೋ ಗೇರ್ ಇಲ್ಲ.

ಹಂತ 3: ಹುಡುಕುವ ಜಾಗ, ಹುಡುಕುವ ಕಾಲ

ಒಳ್ಳೆಯ ಗಾಡಿ ಮಾರಾಟಕ್ಕಿದೆ ಎಂಬ ಸುದ್ದಿ ಜಾಹೀರಾತಿಗಿಂತ ಮೊದಲು ಗ್ಯಾರೇಜಿಗೆ ಬರುತ್ತದೆ. ಹತ್ತಾರು ವರ್ಷ ಒಂದೇ ಮನೆಯಲ್ಲಿದ್ದು, ಒಬ್ಬನೇ ಮೇಸ್ತ್ರಿಯ ಕೈಯಲ್ಲಿ ರಿಪೇರಿಯಾದ ತೋಟದ ಜೀಪಿಗೆ ಬೆಲೆ ಸ್ವಲ್ಪ ಹೆಚ್ಚಾದರೂ ಕೊಡಬಹುದು. ಅದರ ಚರಿತ್ರೆಯನ್ನು ಕೇಳಿ ತಿಳಿಯಬಹುದು ಎಂಬುದೇ ಅದಕ್ಕೆ ಕಾರಣ. ದಾಂಡೇಲಿ, ಜೋಯಿಡಾ ಕಡೆ ಪ್ರವಾಸಿಗರನ್ನು ಹೊತ್ತ ಗಾಡಿಗಳೂ, ಕೊಡಚಾದ್ರಿ ಹತ್ತಿಳಿದ ಜೀಪುಗಳೂ ಮಾರಾಟಕ್ಕೆ ಬರುವುದುಂಟು. ಅವುಗಳ ಎಂಜಿನ್ ಸುಸ್ಥಿತಿಯಲ್ಲಿರಬಹುದು, ಆದರೆ ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಮತ್ತು ಆಕ್ಸಲ್‌ಗಳು ತಮ್ಮ ಆಯುಷ್ಯದ ಬಹುಭಾಗವನ್ನು ಕಲ್ಲಿನ ಮೇಲೆ ಕಳೆದಿರುತ್ತವೆ. ಸೈನ್ಯದ ಹರಾಜಿನಲ್ಲಿ ಬಂದ ಜಿಪ್ಸಿಗಳ ವಿಷಯದಲ್ಲಿ ಗಾಡಿಗಿಂತ ಕಾಗದವೇ ಮುಖ್ಯ. ಸಾರ್ವಜನಿಕ ನೋಂದಣಿ ಈಗಾಗಲೇ ಆಗಿರದ ಗಾಡಿಗೆ, ‘ಆಮೇಲೆ ಮಾಡಿಸಿ ಕೊಡುತ್ತೇವೆ’ ಎಂಬ ಭರವಸೆಯ ಮೇಲೆ ಮುಂಗಡ ಕೊಡಬಾರದು.

ಮಾರ್ಚ್‌ನಿಂದ ಮೇವರೆಗೆ ಎಲ್ಲರೂ ಹುಡುಕುತ್ತಾರೆ. ಗಾಡಿ ನೋಡುವುದಕ್ಕೆ ಆರಿದ್ರಾ, ಪುನರ್ವಸು ಮಳೆಯ ದಿನಗಳೇ ಸರಿ, ಏಕೆಂದರೆ ಸೋರುವುದು, ಜಾರುವುದು, ಚಾಲೂ ಆಗದಿರುವುದು ಎಲ್ಲವೂ ಆಗ ಎದುರಿಗೇ ಕಾಣುತ್ತವೆ. ಕೊಳ್ಳುವುದನ್ನು ಚೌತಿ ಹಬ್ಬ ಕಳೆದ ಮೇಲಕ್ಕೆ ಇಟ್ಟುಕೊಂಡರೆ ಮುಂದಿನ ಮಳೆಯವರೆಗೆ ರಿಪೇರಿಗೆ ಧಾರಾಳ ಸಮಯ ಸಿಗುತ್ತದೆ.

ಹಂತ 4: ಅಡಿಗೆ ಮಲಗಿ ತುಕ್ಕು ನೋಡಿ

ಎಂಜಿನ್ ಕೆಟ್ಟರೆ ಬದಲಿಸಬಹುದು. ಚಾಸಿ ತುಕ್ಕು ತಿಂದಿದ್ದರೆ ಆ ಗಾಡಿಯ ಕಥೆ ಮುಗಿದಂತೆಯೇ. ಕಾರವಾರ, ಅಂಕೋಲಾ, ಹೊನ್ನಾವರದ ಗಾಡಿಗಳಿಗೆ ಉಪ್ಪುಗಾಳಿಯ ಕಾಟ, ಅದರಲ್ಲೂ ಮೀನು ಸಾಗಿಸಿದ ಗಾಡಿಯ ಹಿಂಬದಿಗೆ ಉಪ್ಪುನೀರೇ ಹರಿದಿರುತ್ತದೆ. ಘಟ್ಟದ ಮೇಲಿನ ಗಾಡಿಗಳಲ್ಲಿ ಚಾಸಿಯ ಪೆಟ್ಟಿಗೆಯೊಳಗೆ ಹೊಕ್ಕ ಕೆಸರು ವರ್ಷವಿಡೀ ತೇವ ಹಿಡಿದು ಒಳಗಿನಿಂದ ತಿನ್ನುತ್ತದೆ. ಎರಡನೆಯದು ಹೊರಗೆ ಕಾಣುವುದಿಲ್ಲವಾದ್ದರಿಂದ ಹೆಚ್ಚು ಅಪಾಯಕಾರಿ.

ಗಾಡಿಯ ಅಡಿ ಹೊಸದಾಗಿ ಬಳಿದ ಕಪ್ಪು ಬಣ್ಣದಿಂದ ಮಿರಮಿರನೆ ಮಿಂಚುತ್ತಿದ್ದರೆ ಮೆಚ್ಚಿಕೊಳ್ಳದೆ ಸಂಶಯಪಡಿ. ಒಂದು ಸಣ್ಣ ಸುತ್ತಿಗೆ, ಒಂದು ಮೊಂಡು ಸ್ಕ್ರೂಡ್ರೈವರು, ಒಂದು ಟಾರ್ಚು ತೆಗೆದುಕೊಂಡು ಹೋಗಿ. ಚಾಸಿಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋದರೆ ಗಟ್ಟಿ ಉಕ್ಕು ಗಂಟೆಯ ಹಾಗೆ ಠಣ್ಣೆನ್ನುತ್ತದೆ. ತಿಂದುಹೋದ ಜಾಗದಲ್ಲಿ ಸದ್ದು ಡಬಡಬ ಎಂದು ಸತ್ತುಹೋಗುತ್ತದೆ, ಸ್ಕ್ರೂಡ್ರೈವರಿನಿಂದ ಒತ್ತಿದರೆ ಪದರ ಪದರವಾಗಿ ಕಂದು ಸಿಪ್ಪೆ ಉದುರುತ್ತದೆ. ಹಿಂದಿನ ಕಮಾನುಪಟ್ಟಿಯ ತುದಿಯ ಕೊಂಡಿಯಾದ ಶ್ಯಾಕಲ್ ಕೂತಿರುವ ಬ್ರ್ಯಾಕೆಟ್, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗ, ಇಂಧನ ಟ್ಯಾಂಕಿನ ಮೇಲಿನ ಭಾಗ, ಹಿಂದಿನ ಅಡ್ಡಪಟ್ಟಿ, ಬಾಡಿಯನ್ನು ಚಾಸಿಗೆ ಕೂಡಿಸುವ ರಬ್ಬರಿನ ಸುತ್ತ, ಬ್ಯಾಟರಿಯ ತಟ್ಟೆಯ ಅಡಿ, ಇಷ್ಟನ್ನು ಬಿಡದೆ ನೋಡಬೇಕು. ಜಿಪ್ಸಿಯಾದರೆ ಕಾಲಡಿಯ ಮ್ಯಾಟನ್ನು ಎತ್ತಿ ನೆಲದ ತಗಡನ್ನು ಬೆರಳಿನಿಂದ ಒತ್ತಿ. ನೆಲದ ತಗಡಿಗೆ ತೇಪೆ ಹಾಕಿಸಬಹುದು, ಬಾಗಿಲಿನ ಬುಡದ ತುಕ್ಕನ್ನು ಬೆಲೆ ಇಳಿಸಲು ಬಳಸಿಕೊಳ್ಳಬಹುದು. ಸ್ಟೀರಿಂಗ್ ಬಾಕ್ಸ್ ಅಥವಾ ಶ್ಯಾಕಲ್ ಬಳಿಯ ಚಾಸಿಯಲ್ಲಿ ಬಿರುಕು, ಅದರ ಮೇಲೆ ಒರಟು ವೆಲ್ಡಿಂಗ್ ಕಂಡರೆ ಅಲ್ಲಿಗೇ ನಮಸ್ಕಾರ ಹೇಳಿ ಬರುವುದು ಒಳ್ಳೆಯದು.

ಹಂತ 5: ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದೆಯೇ

‘ಫೋರ್ ವೀಲ್ ಹಾಕುವ ಪ್ರಸಂಗವೇ ಬರಲಿಲ್ಲ ಮಾರಾಯ್ರೆ, ಹೊಸದರಂತೆಯೇ ಇದೆ’ ಎಂದು ಮಾರುವವರು ಹೇಳಿದರೆ ಅದು ಶಿಫಾರಸಲ್ಲ. ವರ್ಷಗಟ್ಟಲೆ ಅಲ್ಲಾಡಿಸದ ಸನ್ನೆ ಬಿಗಿದುಹೋಗಿರುತ್ತದೆ, ಸೀಲುಗಳು ಒಣಗಿರುತ್ತವೆ. ಡೀಸೆಲ್ ಉಳಿಯಲೆಂದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಟ್ಟು ಓಡಿಸುವವರೂ ಇದ್ದಾರೆ. ಬಿಚ್ಚಿದ ಶಾಫ್ಟು ಮನೆಯ ಅಟ್ಟದಲ್ಲಿದೆ ಎಂದರೆ ಅದನ್ನು ತರಿಸಿ, ಕೂಡಿಸಿದ ಮೇಲೆಯೇ ಗಾಡಿ ನೋಡಬೇಕು.

ಪರೀಕ್ಷೆಯ ಕ್ರಮ ಹೀಗಿದೆ. ಜಿಪ್ಸಿಯಂತಹ ಗಾಡಿಗಳಲ್ಲಿ ಮುಂದಿನ ಒಂದೊಂದು ಚಕ್ರದ ನಟ್ಟನಡುವಿನ ಹಬ್ಬಿಗೆ, ಚಕ್ರವನ್ನು ಆಕ್ಸಲ್ಲಿಗೆ ಕೂಡಿಸಲು ಬಿಡಿಸಲು ತಿರುಗಿಸುವ ಗುಂಡಿ ಇರುತ್ತದೆ. ಗಾಡಿಗೆ ಅಡೆಗಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ಹಬ್ಬನ್ನು ‘ಫ್ರೀ’ಯಲ್ಲಿಟ್ಟು ಚಕ್ರ ತಿರುಗಿಸಿದರೆ ಒಳಗಿನ ಆಕ್ಸಲ್ ತಿರುಗಬಾರದು, ‘ಲಾಕ್’ಗೆ ತಂದಾಗ ತಿರುಗಲೇಬೇಕು. ಎರಡೂ ಬದಿಗೆ ಹೀಗೆ ಮಾಡಿ. ಚಕ್ರ ಮೇಲಿರುವಾಗಲೇ ಅದರ ತುದಿ ಬುಡಗಳನ್ನು ಹಿಡಿದು ಅಲ್ಲಾಡಿಸಿದರೆ ವೀಲ್ ಬೇರಿಂಗ್ ಮತ್ತು ಕಿಂಗ್‌ಪಿನ್ನಿನ ಸಡಿಲವೂ ತಿಳಿಯುತ್ತದೆ. ಚಕ್ರದ ಹಿಂದಿನ ಗುಂಡುಭಾಗದಿಂದ ಗ್ರೀಸು, ಎಣ್ಣೆ ಬೆರೆತ ರಾಡಿ ಇಳಿದಿದ್ದರೆ ಅಲ್ಲಿನ ಸೀಲು ಹೋಗಿದೆ ಎಂದರ್ಥ.

ಆಮೇಲೆ ಗಾಡಿಯನ್ನು ಮಣ್ಣಿನ ಬಯಲಿಗೆ ಒಯ್ಯಿರಿ. 4ಎಚ್ (ಮಾಮೂಲಿ ವೇಗದ ಫೋರ್ ವೀಲ್) ಹಾಕಿ, ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಸುತ್ತು ಬರಬೇಕು. ಗಾಡಿ ಸ್ವಲ್ಪ ಬಿಗಿಹಿಡಿದಂತೆ, ಮುಂದಿನ ಚಕ್ರ ಮಣ್ಣನ್ನು ಕೆರೆದಂತೆ ಅನ್ನಿಸಿದರೆ ಮುಂದಿನ ಆಕ್ಸಲ್‌ಗೆ ಶಕ್ತಿ ಹೋಗುತ್ತಿದೆ. ಏನೂ ವ್ಯತ್ಯಾಸವೇ ಇಲ್ಲವೆಂದರೆ ಎಲ್ಲಿಯೋ ಕೊಂಡಿ ಕಳಚಿದೆ. ಕಟಕಟ ಸದ್ದು ಬಂದರೆ ಚಕ್ರದ ಬಳಿಯ ಜಾಯಿಂಟು ಸವೆದಿದೆ. ಗಾಡಿಯನ್ನು ಪೂರ್ತಿ ನಿಲ್ಲಿಸಿ 4ಎಲ್ (ಲೋ ಗೇರಿನ ಫೋರ್ ವೀಲ್) ಹಾಕಿ, ಒಂದು ಏರನ್ನು ಮೊದಲನೆಯ ಗೇರಿನಲ್ಲಿ ಹತ್ತಿ, ಅದೇ ಏರನ್ನು ಎಕ್ಸಲೇಟರನ್ನೂ ಬ್ರೇಕನ್ನೂ ಮುಟ್ಟದೆ ಇಳಿಯಿರಿ. ಸನ್ನೆ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬಂದರೆ ಮುಂದಿನ ಹಿಂದಿನ ಶಾಫ್ಟುಗಳಿಗೆ ಶಕ್ತಿ ಹಂಚುವ ಆ ಟ್ರಾನ್ಸ್‌ಫರ್ ಬಾಕ್ಸು ಬಿಚ್ಚುವ ಕೆಲಸಕ್ಕೆ ಬಂದಿದೆ. ನಿಜವಾದ ಘಟ್ಟದಲ್ಲಿ ಹಾಗಾದರೆ ಎಂಜಿನ್ನಿನ ತಡೆ ಒಮ್ಮೆಲೇ ತಪ್ಪಿ ಗಾಡಿ ಉರುಳುತ್ತ ಓಡುತ್ತದೆ.

ಮರಳಿ ಬಂದ ಮೇಲೆ ಟ್ರಾನ್ಸ್‌ಫರ್ ಬಾಕ್ಸು ಮತ್ತು ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ತುಂಬುವ ಬಿರಡೆಯನ್ನು ಬಿಚ್ಚಿಸಿ, ಬೆರಳು ಅದ್ದಿ ಬಿಳಿಯ ಕಾಗದಕ್ಕೆ ಒರೆಸಿ ನೋಡಿ. ಹಳೆಯ ಎಣ್ಣೆ ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಹೊಕ್ಕಿದೆ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆಕ್ಸಲ್ಲಿಗೆ ಗಾಳಿಯಾಡಿಸುವ ಬ್ರೀದರ್ ಕೊಳವೆ ಮುಚ್ಚಿಹೋಗಿದ್ದರೆ, ಸೀಲಿನ ಸಂದಿಯಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಹೊಳೆಯುವ ಲೋಹದ ಚೂರುಗಳಿದ್ದರೆ ಒಳಗಿನ ಕ್ರೌನ್ ಪಿನಿಯನ್‌ನಂತಹ ಗೇರುಗಳು ಸವೆಯುತ್ತಿವೆ. ಮಾರುವವರು ಬಿರಡೆ ಬಿಚ್ಚಲು ಒಪ್ಪದಿದ್ದರೆ ವಾದಿಸದೆ ಮುಂದಿನ ಗಾಡಿಗೆ ಹೋಗಬಹುದು.

ಹಂತ 6: ಎಂಜಿನ್

ಮುಂಚಿತವಾಗಿ ಹೇಳಿ, ಬೆಳಿಗ್ಗೆ ಚಾಲೂ ಮಾಡದೆ ಇಡಲು ಕೇಳಿಕೊಳ್ಳಿ; ಬಾನೆಟ್ ಬಿಸಿಯಿದ್ದರೆ ಯಾರೋ ನಿಮಗಿಂತ ಮೊದಲು ಎಬ್ಬಿಸಿದ್ದಾರೆ. ಎಂಜಿನ್ ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದರೆ ಹೊಗೆ ದಮ್ಮು ದಮ್ಮಾಗಿ ಹೊರಬರುವುದು ರಿಂಗುಗಳು ಸವೆದಿರುವ ಗುರುತು. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಸುಡುತ್ತಿದೆ. ರೇಡಿಯೇಟರು ಕೆಸರಿನಿಂದ ಮುಚ್ಚಿರದೆ ಇರಬೇಕು. ಒಂದು ಘಟ್ಟವನ್ನು ಎರಡನೆಯ ಗೇರಿನಲ್ಲಿ ಹತ್ತಿಸಿ, ಉಷ್ಣತೆಯ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡದೆ ದರ ಮಾತಾಡಬೇಡಿ.

ಹಂತ 7: ಮಳೆಯ ನಿಜವಾದ ಸಜ್ಜು

ಜಡಿಮಳೆಯಲ್ಲಿ ರಾತ್ರಿ ಘಟ್ಟ ಇಳಿಯುವಾಗ ವೈಪರು, ಗಾಜಿನ ಮಂಜು ಕಳೆಯುವ ಗಾಳಿ, ಬ್ರೇಕು ಮತ್ತು ಟೈರು ಈ ನಾಲ್ಕರ ಮೇಲೆ ನಿಮ್ಮ ಪ್ರಾಣ ನಿಂತಿರುತ್ತದೆ. ಮಾರಾಟದ ಜಾಹೀರಾತಿನಲ್ಲಿ ಮಾತ್ರ ಅವುಗಳ ಹೆಸರಿರುವುದಿಲ್ಲ. ವೈಪರಿನ ರಬ್ಬರು ಸುಲಭವಾಗಿ ಸಿಗುತ್ತದೆ, ಅದರ ಮೋಟರು ಮತ್ತು ಸಂಪರ್ಕದ ಸಲಾಕೆಗಳು ಹಳೆಯ ಜೀಪಿಗೆ ಅಷ್ಟು ಸುಲಭವಲ್ಲ. ಒದ್ದೆ ಗಾಜಿನ ಮೇಲೆ ಹತ್ತು ನಿಮಿಷ ಸತತ ಓಡಿಸಿ, ಮೋಟರು ಸೋಲುತ್ತದೆಯೇ ನೋಡಿ. ನಾಲ್ಕು ಜನ ಒಳಗೆ ಕೂತು ಬಾಗಿಲು ಮುಚ್ಚಿದರೆ ಐದೇ ನಿಮಿಷದಲ್ಲಿ ಗಾಜು ಮಸುಕಾಗುತ್ತದೆ; ಬ್ಲೋವರಿನ ಗಾಳಿ, ಹೀಟರ್ ಇದ್ದರೆ ಬಿಸಿಗಾಳಿ, ಗಾಜಿನ ಬುಡಕ್ಕೆ ತಲುಪಬೇಕು.

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಹಳೆಯ ಜೀಪು ನೀರಿಗಿಳಿದು ಬಂದ ಮೇಲೆ ಕೆಲವು ಕ್ಷಣ ಬ್ರೇಕೇ ಇಲ್ಲದಂತೆ ವರ್ತಿಸುತ್ತದೆ, ಅಥವಾ ಒಂದು ಬದಿಗೆ ಎಳೆಯುತ್ತದೆ. ಸಾಧ್ಯವಾದರೆ ತಗ್ಗಿನ ನೀರಿನಲ್ಲಿ ಹಾಯಿಸಿ ಪರೀಕ್ಷಿಸಿ. ಕ್ಯಾನ್ವಾಸಿನ ಹುಡ್ ಇರುವ ಗಾಡಿಗೆ ಕೊಡಪಾನದಿಂದ ನೀರು ಹೊಯ್ದು, ಸೋರಿದ ನೀರು ಫ್ಯೂಸ್ ಪೆಟ್ಟಿಗೆಯ ಕಡೆಗೆ ಹರಿಯುತ್ತದೆಯೇ ಎಂದು ನೋಡಬೇಕು.

ಟೈರಿನ ಬದಿಯಲ್ಲಿ ಮೂಡಿಸಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಹಲ್ಲು ಎಷ್ಟೇ ಇರಲಿ, ಬದಿ ಬಿರಿದ ಹಳೆಯ ಟೈರಿನ ರಬ್ಬರು ಗಟ್ಟಿಯಾಗಿ ಒದ್ದೆ ಡಾಂಬರಿನ ಮೇಲೆ ಜಾರುತ್ತದೆ. ಐದೂ ಟೈರು ಒಂದೇ ಅಳತೆಯವಾಗಿರಬೇಕು. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿ ಫೋರ್ ವೀಲ್ ಬಳಸಿದರೆ ಟ್ರಾನ್ಸ್‌ಫರ್ ಬಾಕ್ಸಿಗೆ ಹೊರೆ ಬೀಳುತ್ತದೆ. ದೊಡ್ಡ ಹಲ್ಲಿನ ಮಡ್ ಟೈರು ನೋಡಲು ಚಂದ, ಜೇಡಿಯಲ್ಲಿ ಉಪಯೋಗಿ; ಆದರೆ ವಾರಕ್ಕೆ ಐದು ದಿನ ಡಾಂಬರಿನ ಘಟ್ಟ ಇಳಿಯುವವರು ಡಾಂಬರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರನ್ನೇ ಹಾಕಿಕೊಳ್ಳಬೇಕೆಂದು ನನ್ನ ಖಚಿತ ಅಭಿಪ್ರಾಯ.

ಹಂತ 8: ತೂಗುಹಾಕಿದ ಸಾಮಾನಿಗೆ ಬೆಲೆ ಕಟ್ಟುವುದು

ವಿಂಚು ಇದ್ದರೆ ಅದರ ಹಗ್ಗವನ್ನು ಪೂರ್ತಿ ಬಿಚ್ಚಿಸಿ, ಗಾಡಿಯ ಭಾರವನ್ನೇ ಎಳೆಯಿಸಿ ನೋಡಿ. ಬರಿದೇ ಗುಂಯ್ಗುಟ್ಟುವುದು ಪರೀಕ್ಷೆಯಲ್ಲ. ಎಳೆದುಕೊಳ್ಳುವ ಕೊಕ್ಕೆ ಬಂಪರಿಗಲ್ಲ, ಚಾಸಿಗೆ ಬೋಲ್ಟ್ ಆಗಿರಬೇಕು. ಸ್ನಾರ್ಕೆಲ್‌ಗಳಲ್ಲಿ ಕೆಲವು ಬರೀ ಅಲಂಕಾರ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಅದರ ಬಾಯಿಗೆ ಒಂದು ಹಲಗೆಯನ್ನು ಮುಚ್ಚಿದರೆ ಉಸಿರುಕಟ್ಟಿ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಗಾಳಿ ಬೇರೆ ಸಂದಿಯಿಂದ ಹೋಗುತ್ತಿದೆ, ಹಳ್ಳದಲ್ಲಿ ನೀರೂ ಅಲ್ಲಿಂದಲೇ ಹೋಗುತ್ತದೆ.

ಕಾನೂನಿನ ಮಾತೂ ಇಲ್ಲಿ ಬರುತ್ತದೆ. ಬಂಪರಿನ ಮುಂದೆ ಹಾಕಿಸುವ ಕ್ರ್ಯಾಶ್ ಗಾರ್ಡು ಸರಳುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂಜಿನ್ ಬದಲಿಸಿದ, ಬಾಡಿ ಕತ್ತರಿಸಿದ ಗಾಡಿಯ ವಿವರ ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ನೋಂದಣಿ ನವೀಕರಣದ ದಿನ ಅದರ ಫಲ ಉಣ್ಣಬೇಕಾದವರು ನೀವು.

ಹಂತ 9: ಕಾಗದಪತ್ರ

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರು, ಜೀಪುಗಳ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5000 ರೂಪಾಯಿಗೆ ಏರಿತು. ಇದರ ಮೇಲೆ ಹಸಿರು ತೆರಿಗೆ ಬೇರೆ. ನವೀಕರಣ ಹತ್ತಿರವಿರುವ ಗಾಡಿಯನ್ನು ಮಾರುವವರೇ ಪಾಸು ಮಾಡಿಸಿ ಕೊಡಲಿ ಎಂಬ ಕರಾರು ಹಾಕಿಕೊಳ್ಳುವುದು ಕ್ಷೇಮ. ಕೆಎ 30 ಕಾರವಾರ, ಕೆಎ 31 ಶಿರಸಿ, ಕೆಎ 47 ಹೊನ್ನಾವರ, ಕೆಎ 65 ದಾಂಡೇಲಿ. ಗೋವಾದ ಗಾಡಿಯಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು ಮತ್ತು ಗಾಡಿಯ ವಯಸ್ಸಿಗೆ ತಕ್ಕ ತೆರಿಗೆಯನ್ನು ಇಲ್ಲಿ ಹೊಸದಾಗಿ ಕಟ್ಟಬೇಕು. ಆ ಲೆಕ್ಕ ಹಾಕದೆ ‘ಗೋವಾದಲ್ಲಿ ಅಗ್ಗ’ ಎಂದು ಹೊರಡಬಾರದು.

ಚಾಸಿ ಸಂಖ್ಯೆ ಓದುವಂತಿರಲೇಬೇಕು. ಆ ಜಾಗದ ರಾಡಿಯನ್ನು ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ತುಕ್ಕಿನಿಂದ ಒಂದು ಅಂಕಿ ಅಳಿಸಿದ್ದರೂ ಆರ್‌ಟಿಒ ಪರಿಶೀಲನೆಯಲ್ಲಿ ತೊಡಕಾಗುತ್ತದೆ. ಸಾಲ ತೀರಿದ್ದರೆ ಫಾರ್ಮ್ 35, ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳದಿ ಬೋರ್ಡಿನ ಗಾಡಿಯಾದರೆ ಪರ್ಮಿಟ್ ಒಪ್ಪಿಸಿ ಬಿಳಿ ಬೋರ್ಡಿಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ.

ಹಂತ 10: ದರ ಮತ್ತು ಮೊದಲ ರಿಪೇರಿ

ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯಬಾರದು. ಐದನೆಯ ಒಂದು ಭಾಗವನ್ನಾದರೂ ಮೊದಲ ರಿಪೇರಿಗೆ ತೆಗೆದಿಟ್ಟು, ಉಳಿದದ್ದರಲ್ಲಿ ಗಾಡಿ ಹುಡುಕಿ. ನೋಡಿದ ದೋಷಗಳನ್ನು ಮೇಸ್ತ್ರಿಯಿಂದ ಬಿಡಿಭಾಗ ಮತ್ತು ಮಜೂರಿ ಸಹಿತ ಬರೆಸಿಕೊಂಡು, ಆ ಚೀಟಿಯನ್ನೇ ಮುಂದಿಟ್ಟು ಮಾತಾಡಿದರೆ ಚೌಕಾಸಿ ಬೇಗ ಮುಗಿಯುತ್ತದೆ. ಗಾಡಿ ಮನೆಗೆ ಬಂದ ವಾರದೊಳಗೆ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಬಾಕ್ಸ್, ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಮತ್ತು ಬ್ರೇಕ್ ಆಯಿಲ್ ಬದಲಿಸಿ, ಕ್ರಾಸುಗಳಿಗೆ ಗ್ರೀಸು ಹೊಡೆಸಿ, ಬ್ರೀದರ್ ಕೊಳವೆಗಳನ್ನು ಬಿಡಿಸಿ ಮೇಲಕ್ಕೆ ಎತ್ತಿ ಕಟ್ಟಿಸಬೇಕು. ಚಾಸಿಯ ಪೆಟ್ಟಿಗೆಯೊಳಗಿನ ಹಳೆಯ ಕೆಸರನ್ನು ಪೈಪಿನ ನೀರಿನಿಂದ ತೊಳೆದು, ಬೇಸಿಗೆಯ ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲೆ ಮಾತ್ರ ತುಕ್ಕುನಿರೋಧಕ ಬಳಿಸಿ. ತೇವದ ಮೇಲೆ ಬಳಿದರೆ ತುಕ್ಕಿಗೆ ಹೊದಿಕೆ ಹೊದಿಸಿದಂತಾಗುತ್ತದೆ. ಆಮೇಲಿಂದ ಬೇಸಿಗೆಯಲ್ಲಿಯೂ ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ 4ಎಚ್, 4ಎಲ್ ಎರಡನ್ನೂ ಹಾಕಿ ಒಂದು ಕಿಲೋಮೀಟರಿನಷ್ಟು ಓಡಿಸುತ್ತಿರಿ. ಗೇರುಗಳಿಗೆ ಎಣ್ಣೆ ತಾಗಿ, ಸೀಲು ಒಣಗದೆ, ಜೂನ್‌ನಲ್ಲಿ ಸನ್ನೆ ಕೈಗೆ ಬರುತ್ತದೆ.